ಹೊಳೆಯುವ ಕಲ್ಲು ಸಿಕ್ಕಿತಾ? ಮೊದಲು ಒರೆಗೆ ಹಚ್ಚಿ, ಆಮೇಲೆ ತೂಗಿ ನೋಡಿ

ಮಳೆಗಾಲಕ್ಕೆ ಮೊದಲು ನಮ್ಮ ಓಣಿಯ ಕೊನೆಯ ಮನೆಯವರು ಬಾವಿ ಆಳ ಮಾಡಿಸಿದರು. ಸಂಜೆ ಹೊತ್ತಿಗೆ ಆ ಮನೆಯ ಯಜಮಾನರು ಹಾಲಿನ ತೊಟ್ಟೆಯಲ್ಲಿ ಏನೋ ಸುತ್ತಿಕೊಂಡು ಬಂದರು. ಗೇಟು ಹಾಕಿ, ಎಡಬಲ ನೋಡಿ, ಆಮೇಲೆ ತೊಟ್ಟೆ ಬಿಚ್ಚಿದರು.

"ಇದು ಎಂಥದು ಮಾರಾಯ್ರೆ? ಹಳದಿ ಹೊಳೀತದೆ ನೋಡಿ. ನಾನು ಯಾರಿಗೂ ಹೇಳ್ಲಿಲ್ಲ."

ಕಪ್ಪುಕಲ್ಲಿನ ಮೈಯಲ್ಲಿ ಸಾಸಿವೆ ಗಾತ್ರದ ಹಳದಿ ಚೌಕಗಳು. ಒಳಗಿಂದ ಸೂಜಿ ತಂದು ಒಂದು ಚೌಕದ ಮೇಲೆ ಒತ್ತಿದೆ. ಟಕ್ಕೆಂದು ಪುಡಿಯಾಗಿ ಹಾರಿತು. ಚಿನ್ನ ಆಗಿದ್ದರೆ ಸೂಜಿಯ ಮೊನೆಗೆ ತಗ್ಗು ಬೀಳುತ್ತಿತ್ತು, ಹೀಗೆ ಹಾರುತ್ತಿರಲಿಲ್ಲ. ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ್ದು. ಅವರು ಚಹಾ ಕುಡಿದು, ಬಾವಿಯ ನೀರಿನ ಸುದ್ದಿ ಮಾತಾಡಿ ಹೋದರು. ತೊಟ್ಟೆಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದರು.

ನಾನು ಗಣಿ ಎಂಜಿನಿಯರ್ ಅಲ್ಲ. ಉಡುಪಿ, ಮಂಗಳೂರು ಸುತ್ತ ಭಾನುವಾರ ಕಲ್ಲು ಹೆಕ್ಕುವ ಚಟ ಇರುವವನು, ಅಷ್ಟೆ. ಇಷ್ಟು ವರ್ಷದ ಹೆಕ್ಕಾಟದಲ್ಲಿ ಒಂದು ವಿಷಯ ಗಟ್ಟಿಯಾಗಿದೆ. ಲೋಹದ ಖನಿಜ ಗುರುತಿಸುವಾಗ ಅತಿ ಹೆಚ್ಚು ಸುಳ್ಳು ಹೇಳುವುದು ಹೊಳಪು. ನಂಬಬೇಕಾದ್ದು ಪುಡಿಯ ಬಣ್ಣವನ್ನು ಮತ್ತು ತೂಕವನ್ನು. ಇನ್ನೊಂದು ಮಾತು. ‘ಇದು ಅಪರೂಪದ್ದು’ ಅನ್ನುವ ಮೊದಲು ‘ಇದು ಮಾಮೂಲಿ ಯಾವುದೂ ಅಲ್ಲ’ ಅಂತ ಖಚಿತ ಮಾಡಿಕೊಳ್ಳಬೇಕು. ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಅದೇ ಲೆಕ್ಕದ್ದು.

ಜೋಳಿಗೆಯಲ್ಲಿ ಏನೇನಿರಬೇಕು

ದುಡ್ಡು ಖರ್ಚು ಮಾಡುವ ಅಗತ್ಯ ಬಹಳ ಇಲ್ಲ. ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಒಂದು. ಅಯಸ್ಕಾಂತ ಎರಡು: ಹಳೆ ಸ್ಪೀಕರಿನ ಕಪ್ಪು ಅಯಸ್ಕಾಂತ ಒಂದು, ಹಾಳಾದ ಹಾರ್ಡ್ ಡಿಸ್ಕಿನೊಳಗಿನ ಬೆಳ್ಳಿ ಬಣ್ಣದ ಬಲವಾದ ನಿಯೋಡಿಮಿಯಮ್ ಅಯಸ್ಕಾಂತ ಇನ್ನೊಂದು. ಎರಡೂ ಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಲೆಕ್ಟ್ರಿಷಿಯನ್ ಬಿಸಾಡಿದ ದಪ್ಪ ತಾಮ್ರದ ವಯರಿನ ತುಂಡು, ಒಂದು ಚಾಕು, ಒಂದು ಬೆಣಚುಕಲ್ಲು. ತೆಂಗಿನ ಗೆರಟೆ ಒಂದು, ದೊಡ್ಡದು, ಒಳಗೆ ನುಣ್ಣಗೆ ಕೆರೆದದ್ದು. ಸುತ್ತಿಗೆ ಹಿಡಿಯುವವರು ಕನ್ನಡಕ ಹಾಕಲೇಬೇಕು. ಕಲ್ಲಿನ ಚಕ್ಕೆ ಕಣ್ಣಿಗೆ ಹಾರಲು ಎರಡನೇ ಪೆಟ್ಟು ಬೇಕಾಗಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒರೆ ಹಚ್ಚುವ ಬಿಲ್ಲೆ, ಅಂದರೆ ಕಲ್ಲನ್ನು ಉಜ್ಜಿ ಪುಡಿಯ ಬಣ್ಣ ನೋಡುವ ಬಿಲ್ಲೆ. ಹೊಳಪು ಕೊಡದ ಬಿಳಿ ಪಿಂಗಾಣಿ ಆಗಬೇಕು. ಬಚ್ಚಲುಮನೆಯ ಬಿಳಿ ಟೈಲ್ಸಿನ ಹಿಂಬದಿ ಆಗುತ್ತದೆ. ಒಡೆದ ಚಹಾ ಕಪ್ಪಿನ ಅಡಿಯಲ್ಲಿ ಬಣ್ಣ ಹತ್ತದ ದೊರಗು ಉಂಗುರ ಇರುತ್ತದಲ್ವಾ, ಅದು ಇನ್ನೂ ಒಳ್ಳೆಯದು.

ಮಂಗಳೂರು ಹೆಂಚು ಮಾತ್ರ ಬೇಡ. ಈ ತಪ್ಪು ನಾನೇ ಮಾಡಿದ್ದೇನೆ. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮೂರಲ್ಲಿ ಒಡೆದ ಹೆಂಚಿಗೆ ಬರವೇ ಇಲ್ಲ. ಹಿತ್ತಲಲ್ಲಿ ಸಿಕ್ಕಿದ ತುಂಡಿನ ಮೇಲೆ ಶುರುವಿನ ದಿನಗಳಲ್ಲಿ ಎಲ್ಲವನ್ನೂ ಉಜ್ಜಿದೆ. ಎಲ್ಲದರ ಪುಡಿಯೂ ಕೆಂಪು! ಹನ್ನೆರಡು ಕಲ್ಲಿಗೆ ‘ಹೆಮಟೈಟ್’ (ಕೆಂಪು ಪುಡಿಯ ಕಬ್ಬಿಣದ ಅದಿರು) ಅಂತ ಚೀಟಿ ಅಂಟಿಸಿ ಕಪಾಟಿನಲ್ಲಿ ಜೋಡಿಸಿಟ್ಟೆ. ಕಲ್ಲಿನ ಪುಡಿ ಅಲ್ಲ, ಹೆಂಚೇ ಸವೆದು ಪುಡಿಯಾಗುತ್ತಿದೆ ಅಂತ ಗೊತ್ತಾಗಲು ತಿಂಗಳು ಹಿಡಿಯಿತು.

ಮೊದಲ ಹೆಜ್ಜೆ: ಕಲ್ಲು ಎಲ್ಲಿಂದ ಬಂತು ಅಂತ ಕೇಳಿ

ಕರಾವಳಿಯಲ್ಲಿ ಕಾಲ ಕೆಳಗೆ ಇರುವುದು ಮುಖ್ಯವಾಗಿ ಮುರಕಲ್ಲು. ಪದವುಗಳೆಲ್ಲ, ಅಂದರೆ ಮಟ್ಟಸ ಗುಡ್ಡದ ಬಯಲುಗಳೆಲ್ಲ, ಅದರದ್ದೇ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮಲಬಾರು, ಕನ್ನಡ ಜಿಲ್ಲೆ ಸುತ್ತಿ, 1807ರಲ್ಲಿ ಅಚ್ಚಾದ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಅನ್ನುತ್ತಾರೆ. ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು, ಕರಗುವುದನ್ನೆಲ್ಲ ಒಯ್ದು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಬಿಟ್ಟುಹೋದದ್ದೇ ಮುರಕಲ್ಲು. ಅಲ್ಯೂಮಿನಿಯಂ ಜಾಸ್ತಿ ಉಳಿದಲ್ಲಿ ಬಾಕ್ಸೈಟ್ ಆಗುತ್ತದೆ. ಬೈಂದೂರು ಕಡೆ ಅದು ಇದೆ. ಆದರೆ ಬಾಕ್ಸೈಟ್ ಹೊಳೆಯುವುದಿಲ್ಲ, ಮಣ್ಣಿನ ಹಾಗೆ ಮಂಕು.

ಅಂದ ಮೇಲೆ ಮುರಕಲ್ಲಿನ ಕೋರೆಯಲ್ಲಿ ಕಪ್ಪಗೆ ಮಿರಮಿರ ಹೊಳೆಯುವ ಹೆಪ್ಪು ಸಿಕ್ಕರೆ ಮೊದಲ ಗುಮಾನಿ ಕಬ್ಬಿಣದ ಮೇಲೆಯೇ ಇರಬೇಕು. ಗೋಥೈಟ್ ಅನ್ನುವ ಖನಿಜ ಅಲ್ಲಿ ಉದ್ದಿನವಡೆಯ ಮೈಯ ಹಾಗೆ ಉಬ್ಬುಬ್ಬಾಗಿ ಬೆಳೆದು, ಮೆರುಗು ಎಣ್ಣೆ ಬಳಿದಂತೆ ಕಾಣುತ್ತದೆ. ನೋಡಲು ಭಾರಿ ಚಂದ. ಒರೆ ಹಚ್ಚಿದರೆ ಹಳದಿ ಕಂದು.

ಕಟ್ಟಡದ ಜಲ್ಲಿ ರಾಶಿ ನನ್ನ ಮೆಚ್ಚಿನ ಜಾಗ. ಅಲ್ಲಿ ಬಂಡೆ ಆಗಲೇ ಒಡೆದು ಹೊಸ ಮುಖ ತೋರಿಸುತ್ತಿರುತ್ತದೆ, ಸುತ್ತಿಗೆ ಬೇಕಿಲ್ಲ. ಪೈರೈಟ್, ತಾಮ್ರವೂ ಸೇರಿದ ಚಾಲ್ಕೋಪೈರೈಟ್ ಚುಕ್ಕೆಗಳು ಹೀಗೆ ಸಿಗುತ್ತವೆ. ಮೇಸ್ತ್ರಿಯ ಹತ್ತಿರ ಒಂದು ಮಾತು ಕೇಳಿಕೊಳ್ಳಿ, ಸಾಕು. ಆದರೆ ಜಲ್ಲಿ ಯಾವ ಕೋರೆಯದ್ದು ಅಂತ ಕೇಳಿ ಬರೆದಿಡಿ. ಇಲ್ಲದಿದ್ದರೆ ಆ ಕಲ್ಲಿಗೆ ಊರೇ ಇಲ್ಲದ ಹಾಗಾಗುತ್ತದೆ.

ಮನುಷ್ಯ ಮಾಡಿದ್ದನ್ನು ಬೇರ್ಪಡಿಸುವುದೂ ಇದೇ ಹೆಜ್ಜೆಯಲ್ಲಿ ಆಗಬೇಕು. ಗುಡ್ಡೆಯಲ್ಲಿ ಸಿಕ್ಕುವ, ಮೈತುಂಬ ಗುಳ್ಳೆ ತೂತುಗಳಿರುವ, ಗಾಜಿನಂತೆ ಹೊಳೆಯುವ, ಅಯಸ್ಕಾಂತಕ್ಕೂ ಅಂಟುವ ಭಾರದ ಮುದ್ದೆ ಉಲ್ಕೆ ಅಲ್ಲ. ಅದು ಕಿಟ್ಟ, ಹಿಂದೆ ಯಾರೋ ಕಬ್ಬಿಣ ಕರಗಿಸಿದಾಗ ಉಳಿದ ಕಲ್ಮಶ. ಇನ್ನೊಂದು, ಪಣಂಬೂರು ಕಡೆ ರೈಲುಹಳಿ ಪಕ್ಕದಲ್ಲಿ ಮಕ್ಕಳು ಹೆಕ್ಕುವ ಗೋಲಿಯಂಥ ಕಲ್ಲು. ಎಲ್ಲ ಒಂದೇ ಗಾತ್ರ, ಗುಂಡಗೆ, ಬೂದು ಕಪ್ಪು. ಅದು ಕಬ್ಬಿಣದ ಅದಿರಿನ ಪೆಲೆಟ್. ಕುದುರೆಮುಖದ ಗಣಿಯಿಂದ ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಹರಿಸಿ, ಇಲ್ಲಿ ಉಂಡೆ ಕಟ್ಟಿ ಸುಡುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಆ ಗಣಿ ನಿಂತಿತು. ಪೆಲೆಟಿನಲ್ಲಿ ಒಂದು ಪಾಠವೂ ಉಂಟು. ಗಣಿಯ ಅದಿರು ಮ್ಯಾಗ್ನೆಟೈಟ್, ಅದರ ಒರೆ ಕಪ್ಪು. ಸುಟ್ಟ ಪೆಲೆಟಿನ ಒರೆ ಕೆಂಪು. ಬೆಂಕಿಯಲ್ಲಿ ಗಾಳಿ ಕುಡಿದು ಅದು ಹೆಮಟೈಟ್ ಆಗಿಬಿಟ್ಟಿರುತ್ತದೆ.

ಎರಡನೇ ಹೆಜ್ಜೆ: ಒರೆ

ಕಲ್ಲಿನ ಹೊರಮೈ ತುಕ್ಕು, ಜಿಡ್ಡು, ಪಾಚಿ ಹಿಡಿದು ಬಣ್ಣ ಬದಲಿಸಿರುತ್ತದೆ. ಪುಡಿ ಬದಲಿಸುವುದಿಲ್ಲ. ಹೊಸದಾಗಿ ಒಡೆದ ಮೂಲೆಯನ್ನು ಬಿಲ್ಲೆಯ ಮೇಲೆ ಗಟ್ಟಿಯಾಗಿ ಒಂದೆರಡು ಇಂಚು ಎಳೆಯಿರಿ. ಗೀಟನ್ನು ಬೆರಳಿಂದ ಸ್ವಲ್ಪ ತೀಡಿ ಹರಡಿ, ಆಗ ನಿಜ ಬಣ್ಣ ಕಾಣುತ್ತದೆ. ಬಿಸಿಲಲ್ಲಿ ನೋಡಿ, ಟ್ಯೂಬ್‌ಲೈಟಿನ ಕೆಳಗೆ ಬೇಡ.

ಉಕ್ಕಿನ ಹಾಗೆ ಕಪ್ಪಗೆ ಹೊಳೆಯುವ ಮೂರು ಕಲ್ಲು ಎದುರಿಗಿವೆ ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಮೂರೂ ಒಂದೇ. ಒಂದರ ಗೀಟು ಕುಂಕುಮ ಕಂದು, ಅದು ಹೆಮಟೈಟ್. ಇನ್ನೊಂದರದ್ದು ಅಚ್ಚ ಕಪ್ಪು, ಅದು ಮ್ಯಾಗ್ನೆಟೈಟ್ ಅಥವಾ ಟೈಟಾನಿಯಂ ಇರುವ ಇಲ್ಮೆನೈಟ್. ಮೂರನೆಯದರದ್ದು ಕಾಫಿಪುಡಿಯಂಥ ಗಾಢ ಕಂದು. ಆಗ ಸ್ವಲ್ಪ ಮೈ ಜುಮ್ ಅನ್ನಬೇಕು, ಅದು ಕ್ರೋಮಿಯಂ ಲೋಹದ ಅದಿರು ಕ್ರೋಮೈಟ್ ಇರಬಹುದು. ನಮ್ಮ ಕರಾವಳಿಯ ಕಲ್ಲಲ್ಲ ಅದು. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇದೆ. ನೆಂಟರ ಮನೆಗೆ ಆ ಕಡೆ ಹೋದವರು ತಂದುಕೊಟ್ಟ ಒಂದು ತುಂಡು ನನ್ನಲ್ಲಿದೆ. ಹೊಸಬರಿಗೆ ಅದನ್ನು ಮ್ಯಾಗ್ನೆಟೈಟಿನ ಪಕ್ಕ ಇಟ್ಟು ಪರೀಕ್ಷೆ ಕೊಡುತ್ತೇನೆ.

ಹಳದಿ ಹೊಳಪಿನವುಗಳಲ್ಲಿ ಒರೆ ಇನ್ನೂ ಸ್ಪಷ್ಟ. ಚಿನ್ನದ ಗೀಟು ಚಿನ್ನದ ಬಣ್ಣವೇ. ಅಕ್ಕಸಾಲಿಗರ ಒರೆಗಲ್ಲು ನಡೆಯುವುದೇ ಈ ಗುಣದ ಮೇಲೆ. ಪೈರೈಟಿನದ್ದೂ ಚಾಲ್ಕೋಪೈರೈಟಿನದ್ದೂ ಹಸಿರು ಛಾಯೆಯ ಕಪ್ಪು. ಈ ಎರಡನ್ನು ಬೇರೆ ಮಾಡಲು ಚಾಕು ಸಾಕು. ಚಾಲ್ಕೋಪೈರೈಟಿನಲ್ಲಿ ತಾಮ್ರ ಇರುತ್ತದೆ, ಚಾಕುವಿಗೆ ಗೀರುತ್ತದೆ. ಪೈರೈಟ್ ಗೀರುವುದಿಲ್ಲ. ಇನ್ನು ತೋಡಿನ ಹೊಯಿಗೆಯಲ್ಲಿ (ಮರಳಿನಲ್ಲಿ) ಮಿನುಗುವ ಹಳದಿ ಹಾಳೆಗಳು ಕಾಗೆಬಂಗಾರ. ಅಭ್ರಕ ಬಿಸಿಲು ಮಳೆಗೆ ಹಳಸಿ ಹೊನ್ನಿನ ಬಣ್ಣ ತಾಳುತ್ತದೆ. ಸೂಜಿಯಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ನೀರಲ್ಲಿ ತೇಲಾಡುತ್ತ ಹೋಗುತ್ತದೆ, ಚಿನ್ನ ಹಾಗೆ ತೇಲುವುದೇ ಇಲ್ಲ. ನಮ್ಮ ಹಿರಿಯರು ಹೆಸರಿಡುವಾಗಲೇ ಎಚ್ಚರಿಕೆ ಕೊಟ್ಟಿದ್ದಾರೆ, ನಾವು ಕೇಳುವುದಿಲ್ಲ!

ಬಿಲ್ಲೆಗಿಂತ ಗಟ್ಟಿಯಾದ ಕಲ್ಲು ಗೀಟು ಬಿಡದೆ ಬಿಲ್ಲೆಯನ್ನೇ ಕೊರೆಯುತ್ತದೆ. ಬಿಳಿ ಪುಡಿ ಕಂಡರೆ ಅದು ಕಲ್ಲಿನದ್ದಾ, ಪಿಂಗಾಣಿಯದ್ದಾ ಅಂತ ಒರೆಸಿ ನೋಡಿ. ಗೀಟು ಒರೆಸಿ ಹೋಗುತ್ತದೆ, ಗಾಯ ಹೋಗುವುದಿಲ್ಲ.

ಮೂರನೇ ಹೆಜ್ಜೆ: ಗಟ್ಟಿತನ

ಇದು ಬೇಗ ಮುಗಿಯುತ್ತದೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ ಒಂದರಿಂದ ಹತ್ತರ ಅಳತೆಯೇ ಇವತ್ತಿಗೂ ಚಾಲ್ತಿಯಲ್ಲಿದೆ. ಉಗುರು ಸುಮಾರು 2.5, ತಾಮ್ರ 3, ಚಾಕು 5.5, ಬೆಣಚುಕಲ್ಲು 7. ಉಗುರಿಗೆ ಗೀರಿತಾ, ತಾಮ್ರಕ್ಕಾ, ಚಾಕುವಿಗಾ, ಅಥವಾ ಯಾವುದಕ್ಕೂ ಇಲ್ವಾ? ಇಷ್ಟೇ. ಒಂದು ಎಚ್ಚರ: ಶಿಥಿಲವಾದ ಕಲ್ಲು ಗೀರಿದಾಗ ಖನಿಜ ಗೀರುವುದಲ್ಲ, ಕಾಳುಗಳು ಉದುರುವುದು. ಮುರಕಲ್ಲಿನಲ್ಲಿ ಈ ಮೋಸ ಯಾವಾಗಲೂ ಆಗುತ್ತದೆ. ಲೆನ್ಸ್ ಹಿಡಿದು ಒಂದೇ ಹರಳಿನ ಮೇಲೆ ಗೀರಿ.

ನಾಲ್ಕನೇ ಹೆಜ್ಜೆ: ಅಯಸ್ಕಾಂತ, ಮತ್ತು ಕಡಲ ಕಪ್ಪು ಹೊಯಿಗೆ

ಇದನ್ನು ಕಲಿಯಲು ಸಮುದ್ರಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಮಳೆಗಾಲದ ಅಬ್ಬರ ಮುಗಿದ ಮೇಲೆ ಸೋಮೇಶ್ವರ, ಪಣಂಬೂರು, ಕಾಪು, ಮಲ್ಪೆ ಯಾವ ಕಡೆ ಹೋದರೂ ತೆರೆ ಬಂದು ಮುಟ್ಟುವ ಗೆರೆಯ ಮೇಲ್ಬದಿಯಲ್ಲಿ ಕಪ್ಪು ಪಟ್ಟಿಗಳು ಕಾಣಬಹುದು. ಕೊಳಕಾಗಲಿ ಡೀಸೆಲ್ಲಾಗಲಿ ಅಲ್ಲ ಅದು. ತೆರೆ ಹಗುರ ಬಿಳಿ ಹೊಯಿಗೆಯನ್ನು ಎಳೆದುಕೊಂಡು ಹೋಗಿ, ಭಾರದ ಕಾಳನ್ನು ಬಿಟ್ಟುಹೋಗಿರುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ, ಸಮುದ್ರ ಕೇರಿದ್ದು.

ಆ ಪಟ್ಟಿಯಿಂದ ಒಂದು ಮುಷ್ಟಿ ತೆಗೆದು ಗೆರಟೆಗೆ ಹಾಕಿ, ನೀರು ತುಂಬಿ. ಗೆರಟೆಯನ್ನು ಸ್ವಲ್ಪ ಓರೆ ಮಾಡಿ, ಅಕ್ಕಿ ಗಾಳಿಸುವ ಹಾಗೆ ಮೆಲ್ಲಗೆ ತಿರುಗಿಸುತ್ತ ನೀರು ಚೆಲ್ಲಿ. ಬಿಳಿಯದ್ದು ಹೋಗುತ್ತದೆ, ಕಪ್ಪು ಅಡಿಯಲ್ಲಿ ಕೂರುತ್ತದೆ. ಗದಗದ ಕಪ್ಪತಗುಡ್ಡದ ಕಡೆ ಜಾಲಗಾರರು ಹಳ್ಳದ ಮರಳಿನಿಂದ ಚಿನ್ನ ಬಿಡಿಸುತ್ತಿದ್ದದ್ದೂ ಇದೇ ಉಪಾಯದಿಂದ, ಅವರ ಕೈಯಲ್ಲಿ ಮರದ ಮರಿಗೆ ಇರುತ್ತಿತ್ತು, ಅಷ್ಟೆ. ಏಳೆಂಟು ಸಲ ಹೀಗೆ ಮಾಡಿ, ಉಳಿದದ್ದನ್ನು ಬಿಳಿ ಕಾಗದದ ಮೇಲೆ ಬಿಸಿಲಲ್ಲಿ ಒಣಗಿಸಿ. ಹಸಿ ಇದ್ದರೆ ಕಾಳು ಕಾಳಿಗೆ ಅಂಟಿಕೊಂಡು ಆಟ ಕೆಡುತ್ತದೆ.

ಈಗ ಸ್ಪೀಕರಿನ ಅಯಸ್ಕಾಂತವನ್ನು ತೆಳು ತೊಟ್ಟೆಯಲ್ಲಿ ಸುತ್ತಿ. ಬರಿ ಅಯಸ್ಕಾಂತ ಇಳಿಸಿದರೆ ಅಂಟಿದ ಪುಡಿ ಬಿಡಿಸಲು ಅರ್ಧ ದಿನ ಬೇಕು. ತೊಟ್ಟೆ ಇದ್ದರೆ ಅಯಸ್ಕಾಂತ ಹೊರಗೆ ಎಳೆದರೆ ಪುಡಿ ತಾನೇ ಉದುರುತ್ತದೆ. ಕಾಗದದಿಂದ ಒಂದು ಬೆರಳು ಮೇಲೆ ಹಿಡಿಯಿರಿ. ಕೆಲವು ಕಾಳು ಎದ್ದು ನಿಂತು, ಮುಳ್ಳುಹಂದಿಯ ಮುಳ್ಳಿನಂತೆ ನಿಮಿರಿ, ಹಾರಿ ಅಂಟುತ್ತವೆ. ಅದು ಮ್ಯಾಗ್ನೆಟೈಟ್. ಅದನ್ನು ಪಕ್ಕಕ್ಕೆ ಉದುರಿಸಿ. ಆಮೇಲೆ ನಿಯೋಡಿಮಿಯಮ್ ಅಯಸ್ಕಾಂತವನ್ನು ಹಾಗೆಯೇ ಸುತ್ತಿ, ಹೊಯಿಗೆಗೆ ಮುಟ್ಟುವಷ್ಟು ಹತ್ತಿರ ತನ್ನಿ. ಮೊದಲು ಕದಲದಿದ್ದ ಕಪ್ಪು ಕಾಳು ಈಗ ಸೋಮಾರಿಯ ಹಾಗೆ ಮೆಲ್ಲಗೆ ಬಂದು ಅಂಟುತ್ತವೆ. ಅವು ಹೆಚ್ಚಾಗಿ ಇಲ್ಮೆನೈಟ್, ಕಬ್ಬಿಣ ಮತ್ತು ಟೈಟಾನಿಯಂ ಸೇರಿದ ಖನಿಜ. ಎರಡು ಅಯಸ್ಕಾಂತ ಬೇಕು ಅಂದದ್ದು ಇದಕ್ಕೆ. ಒಂದೇ ಬಲವಾದದ್ದು ಇದ್ದರೆ ಎರಡನ್ನೂ ಒಟ್ಟಿಗೆ ಎಳೆದುಕೊಂಡು ಬಿಡುತ್ತದೆ.

ಟೈಟಾನಿಯಂ ಅನ್ನುವ ಲೋಹ ಜಗತ್ತಿಗೆ ಗೊತ್ತಾದದ್ದೂ ಹೀಗೆಯೇ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಮರಳನ್ನು ಪರೀಕ್ಷೆ ಮಾಡುತ್ತ ಅದನ್ನು ಕಂಡುಹಿಡಿದ. ನಿಮ್ಮ ಗೋಡೆಯ ಬಿಳಿ ಪೇಂಟಿನ ಬಿಳುಪು ಬರುವುದೂ ಈ ಕಪ್ಪು ಕಾಳಿನ ಟೈಟಾನಿಯಂನಿಂದಲೇ.

ಕಾಗದದ ಮೇಲೆ ಉಳಿದದ್ದಕ್ಕೆ ಲೆನ್ಸ್ ಹಿಡಿಯಿರಿ. ದಾಳಿಂಬೆ ಬೀಜದ ತಿಳಿ ಕೆಂಪಿನವು ಗಾರ್ನೆಟ್, ಬಲವಾದ ಅಯಸ್ಕಾಂತಕ್ಕೆ ಇವೂ ಸ್ವಲ್ಪ ಕದಲುತ್ತವೆ. ಗಾಜಿನ ಚೂರಿನಂತೆ ಥಳಥಳಿಸುವ ಬಣ್ಣವಿಲ್ಲದ ಕಾಳು ಜಿರ್ಕಾನ್. ಕಡು ಕೆಂಪು ಕಪ್ಪು, ಒರೆ ತಿಳಿ ಕಂದು ಇದ್ದರೆ ರೂಟೈಲ್. ಜೇನಿನ ಬಣ್ಣದ, ಮೂಲೆ ಸವೆದು ಗುಂಡಾದ ಕಾಳು ಕಂಡರೆ ಮೊನಾಝೈಟ್ ಇರಬಹುದು. ಕೇರಳದಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಶೋಂಬರ್ಗ್ ಎಂಬ ರಸಾಯನ ತಜ್ಞ 1909ರಲ್ಲಿ ಗುರುತಿಸಿದ್ದು ಇದನ್ನೇ. ಇದರಲ್ಲಿ ಅಪರೂಪದ ಭಸ್ಮ ಲೋಹಗಳ ಜತೆ ಥೋರಿಯಂ ಇರುತ್ತದೆ, ಹಾಗಾಗಿ ವಿಕಿರಣ ಉಂಟು. ಪರಮಾಣು ಶಕ್ತಿಯ ಕಾನೂನು ಇದರ ಮೇಲೆ ಹಿಡಿತ ಇಟ್ಟಿದೆ. ಕಡಲತೀರದಿಂದ ಹೊಯಿಗೆ ಸಾಗಿಸುವುದಕ್ಕೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮದ ತಡೆಯೂ ಇದೆ. ಆದ್ದರಿಂದ ಆಟ ಮುಗಿದ ಮೇಲೆ ಕಾಗದ ಕೊಡವಿ, ಇದ್ದದ್ದನ್ನು ಇದ್ದಲ್ಲಿಗೇ ಬಿಡಿ. ಬಾಟಲಿಯಲ್ಲಿ ತುಂಬಿ ಶೋಕೇಸಿನಲ್ಲಿಡುವ ಆಸೆ ಬೇಡ. ನೋಡಿದ್ದು ನೆನಪಲ್ಲಿರಲಿ, ಫೋಟೋದಲ್ಲಿರಲಿ.

ದೊಡ್ಡ ಕಲ್ಲಾದರೆ ಅಯಸ್ಕಾಂತವನ್ನು ಕೈಯಲ್ಲಿ ಹಿಡಿಯುವ ಬದಲು ದಾರಕ್ಕೆ ಕಟ್ಟಿ ಇಳಿಬಿಡಿ. ಕಲ್ಲನ್ನು ಮೆಲ್ಲಗೆ ಹತ್ತಿರ ತನ್ನಿ. ಕೈಗೆ ಗೊತ್ತಾಗದಷ್ಟು ಸಣ್ಣ ಸೆಳೆತವಿದ್ದರೂ ದಾರ ಓಲುತ್ತದೆ. ಫ್ಯಾನ್ ಆರಿಸಿ, ಮತ್ತೆ!

ಐದನೇ ಹೆಜ್ಜೆ: ತೂಕ, ಅಡುಗೆಮನೆಯ ತಕ್ಕಡಿಯಲ್ಲಿ

ಇಲ್ಲಿವರೆಗೆ ಬಂದು ಇನ್ನೂ ಹೆಸರು ಸಿಗದ ಕಲ್ಲು ಇದ್ದರೆ, ಅದಕ್ಕೆ ನಿಜವಾಗಿ ಬೆಲೆ ಕೊಡಬೇಕಾದದ್ದು ಈ ಹೆಜ್ಜೆಯಲ್ಲಿ. ಕೈಯಲ್ಲಿ ಎತ್ತಿ ‘ಭಾರ ಉಂಟು’ ಅನ್ನುವುದು ಸಾಲದು. ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಂಖ್ಯೆ ಬೇಕು. ಹಿಟ್ಟು ತೂಗುವ ಡಿಜಿಟಲ್ ಯಂತ್ರ ಸಾಕು.

ಕಲ್ಲನ್ನು ಒಣಗಿಸಿ ತೂಗಿ, ಬರೆದಿಡಿ. ಆಮೇಲೆ ಯಂತ್ರದ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ಹೊಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ ನೀರಿನೊಳಗೆ ತೂಗುಬಿಡಿ. ಅಡಿಗೂ ಬದಿಗೂ ತಾಗಬಾರದು, ನೀರು ಹೊರಗೆ ಚೆಲ್ಲಬಾರದು. ಈಗ ಯಂತ್ರ ತೋರಿಸುವುದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ಸಂಖ್ಯೆಯನ್ನು ಇದರಿಂದ ಭಾಗಿಸಿ. ಒಣ ಕಲ್ಲು 210 ಗ್ರಾಂ, ನೀರಲ್ಲಿ ಯಂತ್ರ 40 ತೋರಿಸಿತು ಅಂದರೆ 5.25. ಹೆಮಟೈಟ್ ಮ್ಯಾಗ್ನೆಟೈಟ್‌ಗಳ ಮಟ್ಟ ಅದು.

ಬೆಣಚುಕಲ್ಲು 2.65. ಕಪ್ಪುಕಲ್ಲು ಸಾಮಾನ್ಯ 3ರ ಆಸುಪಾಸು. ಇಲ್ಮೆನೈಟ್, ಕ್ರೋಮೈಟ್ 4.5ರಿಂದ 4.8. ಪೈರೈಟ್ 5. ಏಳು ದಾಟಿತು ಅಂದರೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಿ. ಸೀಸದ ಅದಿರು ಗೆಲೀನಾ 7.5. ಬೆಳ್ಳಿಯಂತೆ ಹೊಳೆಯುತ್ತದೆ, ಒಡೆದರೆ ಸಣ್ಣ ಸಣ್ಣ ಚೌಕದ ಮೆಟ್ಟಿಲಾಗಿ ಒಡೆಯುತ್ತದೆ, ತಾಮ್ರದ ವಯರಿಗೇ ಗೀರುತ್ತದೆ. ಟಂಗ್‌ಸ್ಟನ್ನಿನ ಅದಿರು ವುಲ್ಫ್ರಮೈಟ್ 7ರಿಂದ 7.5. ಕಪ್ಪು ಕಂದು, ಒಂದೇ ದಿಕ್ಕಿಗೆ ನುಣ್ಣಗೆ ಸೀಳುತ್ತದೆ, ಒರೆ ಕೆಂಪು ಕಂದಿನಿಂದ ಕಪ್ಪು ಕಂದಿನವರೆಗೆ. ತವರದ ಅದಿರು ಕ್ಯಾಸಿಟರೈಟ್ ಸುಮಾರು 7, ಆದರೆ ಚಾಕುವಿಗೆ ಗೀರುವುದಿಲ್ಲ, ಒರೆ ಬಹುತೇಕ ಬಿಳಿ. ಇಷ್ಟು ಭಾರದ ಕಪ್ಪು ಕಲ್ಲಿಗೆ ಬಿಳಿ ಒರೆ ಬಂದರೆ ಅದೇ ದೊಡ್ಡ ಸುಳಿವು. ಕೊಲಂಬೈಟ್-ಟ್ಯಾಂಟಲೈಟ್ ಇನ್ನೂ ಮೋಜಿನದ್ದು. ನಯೋಬಿಯಂ ಜಾಸ್ತಿ ಇದ್ದರೆ 5.2, ಟ್ಯಾಂಟಲಂ ಏರಿದಂತೆ 8ರ ತನಕ ಹೋಗುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲ ಲೀಥಿಯಂ ಸುದ್ದಿಯಿಂದ ಹೆಸರಾಯಿತಲ್ಲ, ಅಲ್ಲಿಯ ದಪ್ಪ ಹರಳಿನ ಬಿಳಿ ಬಂಡೆಗಳಲ್ಲಿ ಇದು ಕಪ್ಪು ಬಿಲ್ಲೆಗಳಾಗಿ ಕೂತಿರುತ್ತದೆ.

ಎರಡು ಕಡೆ ಈ ಲೆಕ್ಕ ಕೈಕೊಡುತ್ತದೆ. ಒಂದು, ಅದಿರಿನ ಜತೆ ಬೆಣಚು ಬೆರೆತಿದ್ದರೆ. ಕುದುರೆಮುಖದ ಕಲ್ಲು ಹಾಗೆಯೇ, ಮ್ಯಾಗ್ನೆಟೈಟ್ ಒಂದು ಪಟ್ಟಿ, ಬೆಣಚು ಒಂದು ಪಟ್ಟಿ. ಸಂಖ್ಯೆ ನಡುವೆ ಎಲ್ಲೋ ಬೀಳುತ್ತದೆ. ಇನ್ನೊಂದು, ಮುರಕಲ್ಲಿನಂಥ ತೂತಿನ ಕಲ್ಲು. ಗಾಳಿ ಒಳಗೇ ಕುಳಿತು ಸಂಖ್ಯೆ ಇಳಿಸುತ್ತದೆ. ಗುಳ್ಳೆ ಬರುವುದು ನಿಲ್ಲುವ ತನಕ ನೀರಲ್ಲಿ ಅಲ್ಲಾಡಿಸಿ, ಆಮೇಲೆ ತೂಗಿ. ಆದರೂ ಅಂಥ ಕಲ್ಲಿನ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಗ್ರಾಫೈಟಾ, ಮಾಲಿಬ್ಡಿನೈಟಾ?

ಈ ಜೋಡಿಗೆ ಬೇರೆಯೇ ಜಾಗ ಕೊಡುತ್ತೇನೆ, ಯಾಕೆಂದರೆ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಗ್ರಾಫೈಟ್ ಅಂದರೆ ಬರಿ ಇಂಗಾಲ, ಮಾಲಿಬ್ಡಿನೈಟ್ ಅಂದರೆ ಮಾಲಿಬ್ಡಿನಂ ಅನ್ನುವ ಲೋಹದ ಅದಿರು. ಎರಡೂ ಬೂದು, ಎರಡೂ ಮೆತ್ತಗೆ, ಎರಡೂ ಬೆರಳಿಗೆ ಜಿಡ್ಡಿನಂತೆ ಹತ್ತುತ್ತವೆ, ಎರಡೂ ಕಾಗದದ ಮೇಲೆ ಬರೆಯುತ್ತವೆ. ಶತಮಾನಗಳ ಕಾಲ ಜನ ಎರಡನ್ನೂ ಒಂದೇ ಅಂತ ತಿಳಿದಿದ್ದರು. 1778ರಲ್ಲಿ ಕಾರ್ಲ್ ಶೀಲೆ ಎಂಬ ಸ್ವೀಡನ್ನಿನ ರಸಾಯನ ವಿಜ್ಞಾನಿ ಇವು ಬೇರೆ ಬೇರೆ ಅಂತ ತೋರಿಸಿದ.

ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಪೆನ್ಸಿಲ್ ಗೀಟೂ ಕಲ್ಲಿನ ಗೀಟೂ ಎಳೆಯಿರಿ. ಪೆನ್ಸಿಲ್ ಅಂದರೆ ಗ್ರಾಫೈಟೇ, ಅದರ ಗೀಟು ಕಪ್ಪು ಬೂದು. ಮಾಲಿಬ್ಡಿನೈಟಿನದ್ದರಲ್ಲಿ ನೀಲಿ ಛಾಯೆ. ಆಮೇಲೆ ಹೊಳಪಿನ ಪಿಂಗಾಣಿ ಬಸಿಯ ಮೇಲೆ ಉಜ್ಜಿ. ಮಾಲಿಬ್ಡಿನೈಟ್ ಸ್ವಲ್ಪ ಹಸಿರು ಮಿಶ್ರ ಬೂದಾಗಿ ಕಾಣುತ್ತದೆ, ಗ್ರಾಫೈಟ್ ಕಪ್ಪಾಗಿಯೇ ಇರುತ್ತದೆ. ಇನ್ನೂ ಸಂಶಯವಿದ್ದರೆ ತೂಗಿ. ಗ್ರಾಫೈಟ್ 2.2, ಮಾಲಿಬ್ಡಿನೈಟ್ 4.7. ನಾನು ಮಾಲಿಬ್ಡಿನಂ ಸಿಕ್ಕಿತು ಅಂತ ಹೆಮ್ಮೆಯಿಂದ ತೋರಿಸಿದ ಕಲ್ಲನ್ನು ಗೆಳೆಯನ ಮಗಳು, ಆರನೇ ಕ್ಲಾಸಿನವಳು, ತೂಗಿದಳು. "ಮಾಮ, ಎರಡೂಕಾಲೇ ಬರ್ತದೆ" ಅಂದಳು.

ಮೂಸಬೇಡಿ, ನೆಕ್ಕಬೇಡಿ, ಕಾಯಿಸಬೇಡಿ

ಹಳೆ ಪುಸ್ತಕಗಳಲ್ಲಿ ಆರ್ಸೆನೋಪೈರೈಟಿಗೆ ಸುತ್ತಿಗೆ ಪೆಟ್ಟು ಕೊಟ್ಟು ಬೆಳ್ಳುಳ್ಳಿ ವಾಸನೆ ಬರುತ್ತಾ ನೋಡಿ ಅಂತ ಇರುತ್ತದೆ. ವಾಸನೆ ಬರುತ್ತದೆ, ನಿಜ. ಆದರೆ ಅದು ಆರ್ಸೆನಿಕ್, ವಿಷ. ಬೆಳ್ಳಿ ಬಿಳುಪಿನ, ಚಾಕುವಿಗೆ ಗೀರದ, ಕಪ್ಪು ಒರೆಯ ಕಲ್ಲು ಕಂಡರೆ ಅಷ್ಟಕ್ಕೇ ಗುಮಾನಿ ಪಟ್ಟು ಚೀಲಕ್ಕೆ ಹಾಕಿ. ಗೆಲೀನಾ ಮುಟ್ಟಿದ ಕೈಯಲ್ಲಿ ಸೀಸದ ಪುಡಿ ಇರುತ್ತದೆ. ಬಿಲ್ಲೆ, ಲೆನ್ಸ್ ಹಿಡಿದು ಕುಳಿತವರು ನಡುವೆ ನೀರುದೋಸೆ ತಿನ್ನುವುದಾದರೆ ಸೋಪು ಹಾಕಿ ಕೈ ತೊಳೆದೇ ತಿನ್ನಿ. ಟಾಯ್ಲೆಟ್ ಕ್ಲೀನರಿನ ಆಸಿಡ್ ಸುರಿದು ನೋಡುವವರೂ ಇದ್ದಾರೆ, ಗಂಧಕದ ಖನಿಜಗಳಿಂದ ವಿಷದ ಗಾಳಿ ಬರಬಹುದು. ಬೇಡವೇ ಬೇಡ.

ಹಟ್ಟಿ ಚಿನ್ನದ ಗಣಿಯ ಕಲ್ಲಿನಲ್ಲೂ ಇರುವ ಶೀಲೈಟ್ ಅನ್ನುವ ಟಂಗ್‌ಸ್ಟನ್ ಖನಿಜ ಕತ್ತಲಲ್ಲಿ ನೀಲಿ ಬಿಳುಪಾಗಿ ಬೆಳಗುತ್ತದೆ. ಅದಕ್ಕೆ ಬೇಕಾದದ್ದು 254 ನ್ಯಾನೋಮೀಟರಿನ ಅತಿನೇರಳೆ ದೀಪ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಅಲೆ ಬೇರೆ, ಅದರಲ್ಲಿ ಕಾಣುವುದಿಲ್ಲ. 254ರ ದೀಪವನ್ನು ಬರಿಗಣ್ಣಿಂದ ನೋಡಿದರೆ ಕಣ್ಣಿಗೆ ಪೆಟ್ಟು. ಹವ್ಯಾಸದ ಶುರುವಿಗೆ ಅದರ ತಂಟೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲಿ ಸುತ್ತಿಗೆ ಎತ್ತಬಾರದು

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಅದು. ಅಲ್ಲಿ ಕಾಲಿಟ್ಟು ನೋಡಿ ಬನ್ನಿ, ಚಕ್ಕೆ ಎಬ್ಬಿಸಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನಿಂದ ಒಂದು ಹರಳೂ ತರುವಂತಿಲ್ಲ. ಮುರಕಲ್ಲಿನ ಹಳೆ ಕೋರೆಗಳಿಗೆ ಮಳೆಗಾಲದಲ್ಲಿ ಇಳಿಯಬೇಡಿ. ಗೋಡೆ ನೆಟ್ಟಗೆ, ನೀರು ಆಳ, ಹತ್ತಲು ಹಿಡಿತವೇ ಇರುವುದಿಲ್ಲ. ಖಾಸಗಿ ಜಾಗವಾದರೆ ಯಜಮಾನರನ್ನು ಕೇಳಿ. ನಮ್ಮ ಹಿತ್ತಲಲ್ಲೇ ಅದಿರು ಸಿಕ್ಕಿದರೂ ಪರವಾನಗಿ ಇಲ್ಲದೆ ಅಗೆದು ಮಾರುವಂತಿಲ್ಲ, 1957ರ ಗಣಿ ಮತ್ತು ಖನಿಜ ಕಾಯ್ದೆ ಇದೆ.

ಕೊನೆಯ ಹೆಜ್ಜೆ: ನಂಬರು ಹಾಕಿ, ತೋರಿಸಿ

ಕಲ್ಲಿನ ಒಂದು ಮೂಲೆಗೆ ವೈಟ್ನರ್ ಬಳಿಯಿರಿ. ಒಣಗಿದ ಮೇಲೆ ಕಪ್ಪು ಪೆನ್ನಿನಲ್ಲಿ ನಂಬರು ಬರೆಯಿರಿ. ಅದೇ ನಂಬರಿನ ಎದುರು ಪುಸ್ತಕದಲ್ಲಿ ತಾರೀಖು, ಜಾಗ, ಮೊಬೈಲಿನ ಮ್ಯಾಪಿನ ಅಂಕೆಗಳು, ಸುತ್ತ ಯಾವ ಬಂಡೆ ಇತ್ತು, ಒರೆ, ಗಟ್ಟಿತನ, ಅಯಸ್ಕಾಂತ, ತೂಕದ ಸಂಖ್ಯೆ. ಚೀಟಿ ಅಂಟಿಸಬೇಡಿ. ನಮ್ಮ ಮಳೆಗಾಲದ ಥಂಡಿಗೆ ಅಂಟು ಬಿಟ್ಟು, ಜಿರಲೆ ತಿಂದು, ಆಗಸ್ಟಿಗೆ ಎಲ್ಲ ಕಲ್ಲೂ ಅನಾಥ.

ಐದೂ ಹೆಜ್ಜೆ ದಾಟಿಯೂ ಹೆಸರು ಸಿಗದ ಕಲ್ಲು ವರ್ಷಕ್ಕೆ ಒಂದೆರಡು ಇದ್ದರೆ ಹೆಚ್ಚು. ಅಂಥದ್ದನ್ನು ಚಿನ್ನದ ಅಂಗಡಿಯ ಕ್ಯಾರೆಟ್ ಯಂತ್ರಕ್ಕೆ ಒಯ್ಯಬೇಡಿ. ಅದನ್ನು ಹೊಂದಿಸಿರುವುದು ಆಭರಣಕ್ಕೆ, ಕಲ್ಲಿಟ್ಟರೆ ಏನೇನೋ ಹೇಳುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗ ಇದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗ ಇದೆ. ಮೊದಲು ಒಂದು ಪತ್ರ ಬರೆದು, ನಿಮ್ಮ ಪುಸ್ತಕದ ಆ ಪುಟದ ಫೋಟೋ ಕಳಿಸಿ. ‘ಹೊಳೆಯುವ ಕಲ್ಲು ಸಿಕ್ಕಿದೆ ಸಾರ್’ ಅಂತ ಬರೆದವರಿಗೂ ‘ಕಂದು ಒರೆ, ಚಾಕುವಿಗೆ ಗೀರುತ್ತದೆ, 7.2’ ಅಂತ ಬರೆದವರಿಗೂ ಸಿಗುವ ಉತ್ತರ ಬೇರೆ ಇರುತ್ತದೆ.

ನೋಡುತ್ತೇವೆ ಅಂದರೆ ಕಲ್ಲನ್ನು ಎರಡು ಮಾಡಿ. ಎರಡಕ್ಕೂ ಅದೇ ನಂಬರು ಹಾಕಿ ಒಂದನ್ನು ಕೊಡಿ. ಇನ್ನೊಂದು ಮನೆಯಲ್ಲಿರಲಿ, ಪರೀಕ್ಷೆಗೆ ಕೊಟ್ಟದ್ದು ಪುಡಿಯಾಗಿ ವಾಪಸ್ ಬರುತ್ತದೆ, ಅಥವಾ ಬರುವುದೇ ಇಲ್ಲ.